ಗೆರೆ, ಎರಡು ಚುಕ್ಕಿ, ಮತ್ತೆ ಎರಡನೇ ಸಲ

ಸಂಜೆ ಆರೂವರೆ ಆದ್ರೆ ನಮ್ಮ ಮುಲುಂಡಿನ ಬಿಲ್ಡಿಂಗ್‌ನಲ್ಲಿ ಕೀಬೋರ್ಡ್ ಸದ್ದು ಶುರು. ಎರಡು ಮೂರು ಮನೆ ಮಕ್ಕಳು ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗೆ ಕಟ್ಟಿದಾರೆ, ಎಲ್ಲರದ್ದೂ ಹೆಚ್ಚುಕಮ್ಮಿ ಅದೇ ಪೀಸುಗಳು, ಅಡುಗೆಮನೆ ಕಿಟಕಿ ತೆಗೆದಿಟ್ರೆ ಮೇಲಿನ ಮನೇದು ಕೆಳಗಿನ ಮನೇದು ಎಲ್ಲಾ ಕೇಳತ್ತೆ. ಕೇಳ್ತಾ ಕೇಳ್ತಾ ನಂಗೆ ಒಂದು ವಿಷಯ ಗಮನಕ್ಕೆ ಬಂತು, ಪುಸ್ತಕ ನೋಡದೇನೇ ಬಾರ್ ಲೈನ್, ಅಂದ್ರೆ ಬೀಟ್‌ಗಳನ್ನ ಬಾರ್ ಅನ್ನೋ ಗುಂಪುಗಳಾಗಿ ಬೇರೆ ಮಾಡೋ ನಿಂತ ಗೆರೆ, ಎಲ್ಲೆಲ್ಲಿದೆ ಅಂತ ಹೇಳಬಹುದು. ನಾಲ್ಕು ಬೀಟ್ ಆದಮೇಲೆ ಕೂದಲೆಳೆಯಷ್ಟು ಒಂದು ತಡೆ, ಮತ್ತೆ ನಾಲ್ಕು ಬೀಟ್, ಮತ್ತೆ ತಡೆ. ಆ ತಡೆ ಸಂಗೀತದಲ್ಲಿ ಇಲ್ಲ, ಬರೆದವನು ಕೇಳಿಲ್ಲ, ಟೀಚರ್ ಹೇಳಿಕೊಟ್ಟಿಲ್ಲ. ಕಣ್ಣಿಗೆ ಒಂದು ನಿಂತ ಗೆರೆ ಕಾಣ್ತು, ಕೈ ನಿಂತುಬಿಡ್ತು, ಅಷ್ಟೇ. ಮಕ್ಕಳು ಅಂತಲ್ಲ, ದೊಡ್ಡವರಾದಮೇಲೆ ಕಲಿಯೋಕೆ ಕೂತವರೂ ಹೀಗೇ ನುಡಿಸೋದನ್ನ ಎಷ್ಟೋ ಕಡೆ ಕೇಳಿದೀನಿ.

ಇದು ಮನಸ್ಸಲ್ಲಿ ಇದ್ದಾಗಲೇ ಮೂರನೇ ಮಾಳಿಗೆ ಹುಡುಗಿ ಒಂದು ದಿನ ಪುಸ್ತಕ ಹಿಡ್ಕೊಂಡು ಮನೆಗೆ ಬಂದಿದ್ಲು. ಅವಳಮ್ಮ ಬೆಳಗಾವಿ ಕಡೆಯವರು, ನಾನು ಪೇಟಿ (ಹಾರ್ಮೋನಿಯಂ) ನುಡಿಸ್ತೀನಿ ಅಂತ ಅವರಿಗೆ ಗೊತ್ತು. ಪುಟದ ಮಧ್ಯದಲ್ಲಿ ಒಂದು ತೆಳು ಗೆರೆ, ಅದರ ಪಕ್ಕ ದಪ್ಪ ಗೆರೆ, ತೆಳು ಗೆರೆಯ ಎಡಕ್ಕೆ ಒಂದರ ಮೇಲೊಂದು ಎರಡು ಚುಕ್ಕಿ. ನಾನು ಅದನ್ನ ತೋರಿಸಿ, ಇಲ್ಲಿಂದ ಮರಳಿ ಹೋಗಬೇಕಲ್ವಾ ಅಂದೆ. "ಇಲ್ಲ ಆಂಟಿ, ಚುಕ್ಕಿ ಇದ್ರೆ ಅದನ್ನ ಬಿಟ್ಟುಬಿಡಬೇಕು, ಎಕ್ಸಾಮ್‌ನಲ್ಲಿ ರಿಪೀಟ್ ಇಲ್ಲ" ಅಂದ್ಲು. ಅವಳು ಹೇಳಿದ್ದು ಸರಿಯೇ. ಗ್ರೇಡ್ ಪರೀಕ್ಷೆಗಳ ಸಾಮಾನ್ಯ ನಿಯಮ ಅದು, ಸಿಲಬಸ್‌ನಲ್ಲಿ ಬೇಕು ಅಂತ ಹೇಳದೇ ಇದ್ರೆ ಉದ್ದದ ರಿಪೀಟ್ ನುಡಿಸೋ ಹಾಗಿಲ್ಲ. ಪರೀಕ್ಷಕರಿಗೆ ಒಂದೇ ದಿನ ಬಹಳ ಮಕ್ಕಳನ್ನ ಕೇಳಬೇಕು, ಸಮಯ ಉಳಿಸಬೇಕು, ಅರ್ಥ ಆಗತ್ತೆ. ಆದ್ರೆ ಮುಂಬೈಯಲ್ಲಿ, ಪುಣೆಯಲ್ಲಿ, ಗೋವಾದಲ್ಲಿ ಎಷ್ಟೋ ಮಕ್ಕಳು ಸಂಗೀತ ಓದೋದನ್ನ ಕಲಿಯೋದೇ ಈ ಪರೀಕ್ಷೆಗಳ ಮೂಲಕ. ಒಂದು ಗ್ರೇಡ್ ಮುಗಿದು ಇನ್ನೊಂದು ಗ್ರೇಡ್ ಬಂದ್ರೂ ಆ ಚುಕ್ಕಿ ಅವರ ಪಾಲಿಗೆ ಕಣ್ಣು ಹಾಯಿಸಿ ದಾಟಿಬಿಡೋ ಶಾಯಿ ಆಗೇ ಉಳಿಯತ್ತೆ. ಗೆರೆ ಕಂಡ್ರೆ ನಿಲ್ಲೋದು, ಚುಕ್ಕಿ ಕಂಡ್ರೆ ದಾಟೋದು. ಎರಡೂ ತಲೆಕೆಳಗು. ಗೆರೆ ಹತ್ರ ನಿಲ್ಲಬಾರದು, ಚುಕ್ಕಿ ಹತ್ರ ದಾಟಬಾರದು. ಇದರ ಬಗ್ಗೆ ಸ್ವಲ್ಪ ವಿವರವಾಗೇ ಬರೀಬೇಕು ಅನ್ನಿಸ್ತು.

ಮಾಹಿಮ್‌ನ ಪೆನ್ಸಿಲ್

ನಾನು ಸ್ಟಾಫ್ ನೊಟೇಶನ್, ಅಂದ್ರೆ ಐದು ಗೆರೆ ಮೇಲೆ ಸ್ವರ ಬರೆಯೋ ಪಾಶ್ಚಾತ್ಯ ಲಿಪಿ, ಓದೋಕೆ ಕಲಿತಿದ್ದು ಮದುವೆ ಆಗಿ ಮುಂಬೈಗೆ ಬಂದಮೇಲೆ, ಮಾಹಿಮ್‌ನಲ್ಲಿ ಒಬ್ಬ ಗೋವಾ ಮೂಲದ ಸರ್ ಹತ್ರ. ಹಳೇ ಬಿಲ್ಡಿಂಗ್‌ನ ನೆಲಮಹಡಿ, ಬಾಗಿಲು ಯಾವಾಗಲೂ ತೆಗೆದೇ ಇರೋದು, ಪಿಯಾನೋ ಮೇಲೆ ಮೇರಿಯ ಫೋಟೋ, ಅದರ ಮುಂದೆ ಹತ್ತಾರು ಪೆನ್ಸಿಲ್ ತುಂಬಿದ ಒಂದು ಸ್ಟೀಲ್ ಲೋಟ. ಸರ್ ಪೆನ್ನು ಮುಟ್ಟೋರೇ ಅಲ್ಲ. ಒಂದು ದಿನ ಅವರು ಖಾಲಿ ಸ್ಟಾಫ್ ಇರೋ ಹಾಳೆ ತಗೊಂಡು ಬರೀ ಸ್ವರಗಳನ್ನ ಬರೆದ್ರು, ಒಂದಾದಮೇಲೊಂದು, ಎಲ್ಲೂ ಗೆರೆ ಇಲ್ಲ. ಹ್ಯಾಪಿ ಬರ್ತ್‌ಡೇ ಹಾಡಿನ ಟ್ಯೂನ್. ನನ್ನ ಕೈಗೆ ಪೆನ್ಸಿಲ್ ಕೊಟ್ಟು, ಹಾಡ್ತಾ ಹೋಗು, ಎಲ್ಲಿ ಭಾರ ಬೀಳತ್ತೆ ಅನ್ಸತ್ತೋ ಅದಕ್ಕಿಂತ ಸ್ವಲ್ಪ ಮುಂಚೆ ಒಂದು ಗೆರೆ ಎಳಿ ಅಂದ್ರು.

ಹಾಡಿ ನೋಡಿ ನೀವೂ. 'ಹ್ಯಾಪಿ' ಅನ್ನೋದು ಹಗುರ, 'ಬರ್ತ್' ಅನ್ನೋದು ಭಾರ. ಹಾಗಾಗಿ ಮೊದಲನೇ ಗೆರೆ 'ಹ್ಯಾಪಿ' ಆದಮೇಲೆ, 'ಬರ್ತ್‌'ಗಿಂತ ಮುಂಚೆ ಬೀಳತ್ತೆ. ಅಂದ್ರೆ ಹಾಡು ಶುರುವಾಗೋದು ಬಾರ್‌ನ ಮೊದಲ ಬೀಟ್‌ನಿಂದ ಅಲ್ಲ, ಮೂರು ಬೀಟ್‌ನ ಬಾರ್‌ನಲ್ಲಿ ಮೂರನೇದರಿಂದ. ಇದಕ್ಕೆ ಪಿಕ್ ಅಪ್ ಬಾರ್ ಅಂತಾರೆ, ಬಾರ್ ಎಣಿಸೋವಾಗ ಈ ಅರೆಬರೆ ಬಾರನ್ನ ಲೆಕ್ಕಕ್ಕೆ ತಗೊಳ್ಳಲ್ಲ, ಒಂದನೇ ಬಾರ್ ಅಂದ್ರೆ ಮೊದಲ ಪೂರ್ತಿ ಬಾರ್. ಕೊನೇ ಬಾರ್‌ನಲ್ಲಿ ಎರಡೇ ಬೀಟ್ ಇರತ್ತೆ, ಮೊದಲು ತಗೊಂಡ ಒಂದು ಬೀಟನ್ನ ಅಲ್ಲಿ ಬಿಟ್ಟು ಲೆಕ್ಕ ಸರಿ ಮಾಡ್ತಾರೆ. ಮರಳಿ ಮೊದಲಿಗೆ ಹೋದ್ರೆ ಕೊನೆಯ ಎರಡು ಬೀಟ್‌ಗೆ ಆರಂಭದ ಒಂದು ಬೀಟ್ ಸೇರಿ ಮೂರಾಗತ್ತೆ, ಲಯ ಎಲ್ಲೂ ತುಂಡಾಗಲ್ಲ. ಆ ಎರಡು ಬೀಟ್‌ನ ಕೊನೇ ಬಾರ್ ನೋಡಿದಾಗ ಬರೆದವರು ಮರಳೋದನ್ನ ಮೊದಲೇ ಯೋಚನೆ ಮಾಡಿದ್ರು ಅಂತ ಗೊತ್ತಾಗತ್ತೆ, ನಂಗೆ ಅದು ಬಹಳ ಚೆಂದ ಅನ್ಸತ್ತೆ.

ನಾನು ಗೆರೆ ಎಳೆದದ್ದನ್ನ ನೋಡಿ ಸರ್ ಖುಷಿಯಾದ್ರು. ಆಮೇಲೆ ಅದೇ ಗೆರೆಗಳನ್ನೆಲ್ಲಾ ರಬ್ಬರ್‌ನಿಂದ ಅಳಿಸಿ, ಈಗ ನುಡಿಸು ಅಂದ್ರು. ನುಡಿಸಿದೆ. ಗೆರೆ ಕಾಗದದ ಮೇಲೆ ಇಲ್ಲ, ಆದ್ರೆ ಭಾರ ಬೀಳಬೇಕಾದ ಕಡೆ ಬೀಳ್ತಿತ್ತು, ಎಲ್ಲೂ ತಡೆ ಇಲ್ಲ. ಬ್ಲೌಸ್ ಹೊಲಿಯೋವಾಗ ಮೊದಲು ಹಾಕೋ ಕಚ್ಚಾ ಹೊಲಿಗೆ ಇರತ್ತಲ್ಲ, ಆ ಥರ ಅದು, ಬಟ್ಟೆ ಜಾಗದಲ್ಲಿ ಕೂರಬೇಕು ಅಂದ್ರೆ ಅದು ಬೇಕೇ ಬೇಕು, ಆದ್ರೆ ಉಟ್ಟಾಗ ಅದು ಕಾಣೋ ಹಾಗಿಲ್ಲ.

ಗೆರೆ ಹೇಳೋದು ಮುಂದಿನ ಬೀಟ್ ಬಗ್ಗೆ. ಇಲ್ಲಿಂದ ಹೊಸ ಗುಂಪು, ಇದರ ಮೊದಲನೇದಕ್ಕೆ ಸ್ವಲ್ಪ ತೂಕ ಕೊಡು ಅನ್ನತ್ತೆ, ಹಿಂದಿನದನ್ನ ನಿಲ್ಲಿಸು ಅನ್ನಲ್ಲ. 3/4 ತಗೊಳ್ಳಿ, 6/8 ತಗೊಳ್ಳಿ. ಎರಡರಲ್ಲೂ ಒಂದು ಬಾರ್‌ನೊಳಗೆ ಆರು ಎಂಟನೇ ಭಾಗದ ಸ್ವರ ಹಿಡಿಸತ್ತೆ, ಗೆರೆಯಿಂದ ಗೆರೆಗೆ ಅದೇ ಅಂತರ. ಆದ್ರೆ 3/4ರಲ್ಲಿ ಎರಡು-ಎರಡು-ಎರಡು, 6/8ರಲ್ಲಿ ಮೂರು-ಮೂರು, ನಮ್ಮ ಆರು ಮಾತ್ರೆಯ ದಾದ್ರಾ ತಾಳದ ಹಾಗೆ. ಕಾಲು ಕುಣಿಯೋ ರೀತಿಯೇ ಬೇರೆ ಆಗಿಬಿಡತ್ತೆ. ಗೆರೆ ಒಂದೇ ಸಾಕಾಗಲ್ಲ, ಅದರ ಒಳಗಿನ ಗುಂಪೂ ಕಿವಿಗೆ ಬೇಕು.

ಯುರೋಪಿನಲ್ಲೂ ಈ ಗೆರೆ ಶುರುವಿನಿಂದ ಇತ್ತು ಅಂತೇನಿಲ್ಲ. 16ನೇ ಶತಮಾನದಲ್ಲಿ ಹಲವು ದನಿಗಳ ಹಾಡು ಅಚ್ಚಾದಾಗ ಒಬ್ಬೊಬ್ಬ ಹಾಡುಗಾರನಿಗೂ ಅವನ ದನಿಯದ್ದೇ ಒಂದು ಪುಸ್ತಕ, ಅದರಲ್ಲಿ ಬಾರ್ ಲೈನ್ ಇರ್ತಿರಲಿಲ್ಲ, ಸ್ವರದ ಆಕಾರ ನೋಡಿ ಕಾಲ ಎಣಿಸ್ಕೊಂಡು ಹಾಡೋದು. ಲೂಟ್ ಅನ್ನೋ ತಂತಿವಾದ್ಯಕ್ಕೆ, ಕೀಬೋರ್ಡ್ ವಾದ್ಯಗಳಿಗೆ ಬರೆದ ಕಾಗದದಲ್ಲಿ ಮಾತ್ರ ನಿಂತ ಗೆರೆ ಕಾಣಿಸ್ತಿತ್ತು, ಯಾಕಂದ್ರೆ ಅಲ್ಲಿ ಒಬ್ಬನೇ ಎರಡು ಮೂರು ದನಿ ಒಟ್ಟಿಗೆ ನುಡಿಸಬೇಕು, ಯಾವುದರ ಕೆಳಗೆ ಯಾವುದು ಬರತ್ತೆ ಅಂತ ಕಣ್ಣಿಗೆ ಗೊತ್ತಾಗಬೇಕು. 17ನೇ ಶತಮಾನದಲ್ಲಿ ಅದು ಎಲ್ಲಾ ಕಡೆ ಹರಡ್ತು, ಭಾರದ ಗುರುತೂ ಆಯ್ತು. ಅಂದ್ರೆ ಗೆರೆ ಹುಟ್ಟಿದ್ದೇ ಕಣ್ಣಿನ ಅನುಕೂಲಕ್ಕೆ.

ಧಾರವಾಡದಿಂದ ತಂದ ವಹಿ

ಸರ್ ಹೇಳಿದ ಪಾಠ ಅಷ್ಟು ಬೇಗ ಒಳಗಿಳಿಯೋಕೆ ಕಾರಣ ನಾನು ಚಿಕ್ಕವಳಿದ್ದಾಗ ಧಾರವಾಡದಲ್ಲಿ ಕಲಿತ ಪೇಟಿ. ಮಾಸ್ತರು ಚೀಜು (ರಾಗದಲ್ಲಿ ಕಟ್ಟಿದ ಹಾಡು) ಬರೆಸೋವಾಗ ರೂಲು ಹಾಕಿದ ವಹಿಯಲ್ಲಿ ಅಡ್ಡಕ್ಕೆ ಹದಿನಾರು ಮಾತ್ರೆ, ಅಂದ್ರೆ ಬೀಟ್, ನಾಲ್ಕು ನಾಲ್ಕಕ್ಕೆ ಒಂದು ನಿಂತ ಗೆರೆ, ಕೆಳಗೆ ತಾಳದ ಗುರುತು, ಸಮಕ್ಕೆ (ಸುತ್ತಿನ ಮೊದಲ ಮಾತ್ರೆ) ×, ಖಾಲಿಗೆ (ಚಪ್ಪಾಳೆ ಇಲ್ಲದೆ ಕೈ ಬೀಸೋ ಮಾತ್ರೆ) 0, ಉಳಿದ ತಾಳಿಗಳಿಗೆ (ಚಪ್ಪಾಳೆ) 2, 3. ಇದು ಭಾತಖಂಡೆಯವರ ಪದ್ಧತಿ. ವಿಷ್ಣು ನಾರಾಯಣ ಭಾತಖಂಡೆ (1860–1936) ಇದೇ ಮುಂಬೈಯ ವಾಲ್ಕೇಶ್ವರದಲ್ಲಿ ಹುಟ್ಟಿದವರು, ಓದಿದ್ದು ಕಾನೂನು, ಮಾಡಿದ್ದು ಊರೂರು ತಿರುಗಿ ಚೀಜುಗಳನ್ನ ಕೂಡಿಸೋ ಕೆಲಸ. ಅವರ ಕ್ರಮಿಕ ಪುಸ್ತಕ ಮಾಲಿಕೆಯ ಆರು ಭಾಗ ಇವತ್ತಿಗೂ ಸಂಗೀತ ಕಲಿಯೋರ ಮನೆಗಳಲ್ಲಿವೆ. ವಿಷ್ಣು ದಿಗಂಬರ ಪಲುಸ್ಕರರು ಬೇರೆ ಗುರುತು ಇಟ್ರು, ಅವರಲ್ಲಿ ಸಮ ಅಂದ್ರೆ 1, ಖಾಲಿ ಅಂದ್ರೆ +. ಈ ಎರಡೂ ಗೊತ್ತಿಲ್ಲದೇ ಹಳೇ ಪುಸ್ತಕ ತೆಗೆದ್ರೆ ತಲೆ ತಿರುಗತ್ತೆ.

ಆ ವಹಿಯಲ್ಲಿ ಹದಿನಾರು ಮಾತ್ರೆಯ ತೀನ್ ತಾಲದ ಎಷ್ಟೋ ಚೀಜುಗಳ ಮೊದಲ ಸಾಲು ×ನಿಂದ ಶುರುವಾಗ್ತಾನೇ ಇರಲಿಲ್ಲ. 0ಯಿಂದ, ಅಂದ್ರೆ ಒಂಬತ್ತನೇ ಮಾತ್ರೆಯಿಂದ ಶುರು, ಆಮೇಲೆ 3, ಆಮೇಲೆ ಗೆರೆ ದಾಟಿದಮೇಲೆ ×. ಮುಖಡಾ, ಅಂದ್ರೆ ಚೀಜಿನ ಮೊದಲ ತುಣುಕು, ಎಂಟು ಮಾತ್ರೆ ನಡೆದು ಬಂದು ಸಮದ ಮೇಲೆ ಕೂರೋದು. ಹ್ಯಾಪಿ ಬರ್ತ್‌ಡೇಯ ಒಂದು ಬೀಟ್‌ನ ಪಿಕ್ ಅಪ್, ಇಲ್ಲಿ ಎಂಟು ಮಾತ್ರೆಯದ್ದು, ಕೆಲಸ ಅದೇ. ಹಾಗಾಗಿ ಗೆರೆ ಅಂದ್ರೆ ಅದರಾಚೆ ಇರೋ ಸಮದ ಕಡೆ ಕಿವಿ ನೆಟ್ಟಿರಬೇಕಾದ ಜಾಗ ಅಂತ ನಂಗೆ ಮೊದಲೇ ಗೊತ್ತಿತ್ತು. ಗೆರೆ ಹತ್ರ ಕೈ ನಿಂತ್ರೆ ಸಮ ತಪ್ಪತ್ತೆ, ತಬಲಾದವರು ಮುಂದೆ ಹೋಗಿಬಿಡ್ತಾರೆ. ಕಲಿಯೋ ಮಕ್ಕಳಿಗೆ ಒಂದು ತಬಲಾ ಜೊತೆಗಿದ್ರೆ ಆ ತಡೆ ತಾನೇ ಹೋಗತ್ತೆ ಅಂತ ನನ್ನ ಗಟ್ಟಿ ಅಭಿಪ್ರಾಯ, ಮೆಟ್ರೋನೋಮ್‌ನ ಟಿಕ್ ಟಿಕ್‌ಗೆ ಸಮವೂ ಇಲ್ಲ ಖಾಲಿಯೂ ಇಲ್ಲ.

ಆದ್ರೆ ರಿಪೀಟ್ ವಿಷಯಕ್ಕೆ ಬಂದಾಗ ಆ ವಹಿ ಮತ್ತೆ ಸರ್ ಕೊಟ್ಟ ಪುಸ್ತಕ ಪೂರ್ತಿ ಬೇರೆ ಬೇರೆ. ವಹಿಯಲ್ಲಿ ಚೀಜಿನ ಮೊದಲ ಭಾಗ ಸ್ಥಾಯಿ ಒಂದು ಸಲ, ಎರಡನೇ ಭಾಗ ಅಂತರಾ ಒಂದು ಸಲ ಬರೆದಿರತ್ತೆ, ಅರ್ಧ ಪುಟ ಸಾಕು. ಅದನ್ನೇ ಅರ್ಧ ಗಂಟೆ ಹಾಡ್ತಾರೆ. ಎಲ್ಲೂ ಎರಡು ಚುಕ್ಕಿ ಇಲ್ಲ, ಮರಳಿ ಬಾ ಅಂತ ಯಾರೂ ಬರೆದಿಲ್ಲ. ಬರೆಯೋ ಅಗತ್ಯ ಇಲ್ಲ, ತಾಳ ಅನ್ನೋದು ಸುತ್ತು, ಹದಿನಾರು ಆದಮೇಲೆ ಹದಿನೇಳಿಲ್ಲ, ಒಂದೇ. ನಮ್ಮಲ್ಲಿ ಮರಳಿ ಬರೋದು ಸಹಜ, ಮುಗಿಸೋದಕ್ಕೆ ಗುರುತು ಬೇಕು, ಅದಕ್ಕೇ ತಿಹಾಯಿ, ಒಂದೇ ತುಣುಕನ್ನ ಮೂರು ಸಲ ಹೇಳಿ ಸಮಕ್ಕೆ ಬಂದು ನಿಲ್ಲೋದು. ಪಾಶ್ಚಾತ್ಯ ಕಾಗದದಲ್ಲಿ ಮುಂದೆ ಹೋಗೋದು ಸಹಜ, ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ, ಪುಟ ತಿರುಗಿಸು, ಹೀಗೇ. ಅಲ್ಲಿ ಮರಳಿ ಬರಬೇಕು ಅಂದ್ರೆ ಅದನ್ನ ಬರೆದು ಹೇಳಬೇಕು. ಎರಡು ಚುಕ್ಕಿ, ಬ್ರಾಕೆಟ್, ಡಿ.ಸಿ., ಡಿ.ಎಸ್., ಕೋಡಾ (ಮುಕ್ತಾಯದ ತುಂಡು), ಇಷ್ಟೊಂದು ಗುರುತು ಹುಟ್ಟಿದ್ದು ಅದಕ್ಕೆ. ಇದು ತಲೆಗೆ ಹೊಳೆದಮೇಲೆ ಆ ಗುರುತುಗಳೆಲ್ಲಾ ನಂಗೆ ಪರಕೀಯ ಅನ್ನಿಸೋದು ನಿಂತುಹೋಯ್ತು. ಮುಂದಕ್ಕೇ ಓಡೋ ಕಾಗದದ ಮೇಲೆ ಸುತ್ತು ಹಾಕೋಕೆ ಮಾಡ್ಕೊಂಡ ದಾರಿ ಅವು.

ಡೊಂಬಿವಲಿಯ ॥ಪ॥

ನಮ್ಮಲ್ಲಿ ಮರಳೋ ಗುರುತೇ ಇಲ್ಲ ಅಂದ್ರೆ ಅದೂ ಪೂರ್ತಿ ನಿಜ ಅಲ್ಲ. ದಾಸರ ಪದದ ಪುಸ್ತಕ ತೆಗೀರಿ. ಮೊದಲ ಎರಡು ಸಾಲು ಆದಮೇಲೆ ॥ಪ॥, ಆಮೇಲೆ ॥ಅ.ಪ॥, ಆಮೇಲೆ ಚರಣಗಳಿಗೆ ॥1॥ ॥2॥ ॥3॥. ಪ್ರತಿ ಚರಣ ಆದಮೇಲೂ ಪಲ್ಲವಿಗೆ ಹೋಗಬೇಕು ಅಂತ ಯಾರೂ ಅಚ್ಚು ಮಾಡಲ್ಲ, ಎಲ್ಲರಿಗೂ ಗೊತ್ತು. ಆ ॥ಪ॥ ಮಾಡೋ ಕೆಲಸ ಮತ್ತೆ ಸ್ಟಾಫ್ ನೊಟೇಶನ್‌ನಲ್ಲಿ ಸೆನ್ಯೋ ಅನ್ನೋ ಗುರುತು ಮಾಡೋ ಕೆಲಸ ಒಂದೇ. ಅಡ್ಡಗೆರೆ ಹೊಡೆದ ಎಸ್ ಆಕಾರ, ಅದರ ಎರಡು ಬದಿಗೆ ಚುಕ್ಕಿ. ಮುಂದೆಲ್ಲೋ ಡಿ.ಎಸ್. ಅಂತ ಬರೆದಿದ್ರೆ ಆ ಗುರುತಿರೋ ಜಾಗಕ್ಕೆ ವಾಪಸ್ ಹೋಗಬೇಕು. ಡಿ.ಸಿ. ಅಂತಿದ್ರೆ ಗುರುತು ಹುಡುಕೋ ಹಾಗಿಲ್ಲ, ತೀರಾ ಮೊದಲಿಂದ.

ಡೊಂಬಿವಲಿಯಲ್ಲಿ ನನ್ನ ನಾದಿನಿ ಇರೋ ಕಡೆ ಒಂದು ಭಜನಾ ಮಂಡಳಿ ಇದೆ, ಹೆಚ್ಚಿನವರು ವಿಜಯಪುರ, ಬಾಗಲಕೋಟೆ, ಧಾರವಾಡ ಕಡೆಯವರು, ಗುರುವಾರ ಮಧ್ಯಾಹ್ನ ಸೇರ್ತಾರೆ, ಒಬ್ಬೊಬ್ಬರ ಮನೇಲಿ ಒಂದೊಂದು ವಾರ. ಅಲ್ಲಿ ಒಬ್ಬ ಕಾಕು ಇದ್ದಾರೆ, ಎಲ್ಲಾ ಪದ ಅವರೇ ಎತ್ತಿಕೊಡೋದು. ಅವರ ವಹಿ ನೋಡಬೇಕು ನೀವು. ಅಕ್ಷರ ದುಂಡಗೆ ನೀಲಿ ಶಾಯಿಯಲ್ಲಿ, ಮೂಲೆಗಳೆಲ್ಲಾ ಅರಿಶಿನದ ಕೈ ತಾಗಿ ಹಳದಿ, ಪ್ರತಿ ಚರಣದ ಕೊನೆಗೆ ಕೆಂಪು ಶಾಯಿಯಲ್ಲಿ ಸಣ್ಣಗೆ ಒಂದು ಗುರುತು. ಕೆಲವು ಕಡೆ 'ಪ', ಕೆಲವು ಕಡೆ 'ಪ ಅರ್ಧ'. ಇದೇನು ಅಂತ ಕೇಳಿದೆ.

"ಪಲ್ಲವಿ ಪೂರ್ತಿ ಹೇಳಬ್ಯಾಡ್ರಿ, ಅರ್ಧಕ್ಕ ಬಿಟ್ಟು ಮುಂದಿನ ಚರಣ ತಗೋರಿ ಅಂತ. ಕಡೀ ಚರಣ ಆದಮ್ಯಾಲ ಪೂರ್ತಿ ತಗೋಳೂಣು."

"ಯಾಕ ಕಾಕು, ಅರ್ಧಕ್ಕ ಯಾಕ?"

"ಪೂರ್ತಿ ಹೇಳಿದ್ರ ಮುಗದಂಗ ಅನಸ್ತದ ನೋಡವಾ. ಇನ್ನೂ ಚರಣ ಅದಾವಲ್ಲ, ಆರತಿ ಹಚ್ಚಾಕ ಎದ್ದೇ ಬಿಡ್ತಾರ ಮಂದಿ."

ಹೊಸದಾಗಿ ಬಂದ ಒಬ್ಬರು ಅವತ್ತು ಎರಡನೇ ಚರಣ ಆದಮೇಲೆ ಪಲ್ಲವಿ ಪೂರ್ತಿ ಎಳೆದ್ರು. ಕಾಕು ಹಾಡು ನಿಲ್ಲಿಸಲಿಲ್ಲ, ತಾಳ ಹಿಡಿದಿದ್ದ ಕೈಯ ತೋರುಬೆರಳು ಮಾತ್ರ ಮೇಲಕ್ಕೆತ್ತಿದ್ರು, ಹತ್ತು ಹದಿನೈದು ಜನ ಒಂದೇ ಉಸಿರಿಗೆ ಮುಂದಿನ ಚರಣಕ್ಕೆ ಹೋದ್ರು. ಬೆರಳು ಕೆಳಗಿಳಿಸಿದಾಗ ಪೂರ್ತಿ ಪಲ್ಲವಿ, ಮೇಲಿದ್ದಾಗ ಅರ್ಧ. ಪುಸ್ತಕದಲ್ಲಿ ಮೊದಲ ಸಲದ ಕೊನೆಗೆ ಮೊದಲ ಬ್ರಾಕೆಟ್, ಎರಡನೇ ಸಲದ ಕೊನೆಗೆ ಎರಡನೇ ಬ್ರಾಕೆಟ್ ಅಂತ ಇರೋದು ಇದೇ.

ಯುರೋಪಿನ ಮಧ್ಯಯುಗದಲ್ಲಿ ಎಸ್ಟಾಂಪಿ ಅಂತ ಒಂದು ಬಗೆಯ ವಾದ್ಯ ಸಂಗೀತ ಇತ್ತು. ಅದರ ಒಂದೊಂದು ಭಾಗವನ್ನೂ ಎರಡೆರಡು ಸಲ ನುಡಿಸೋರು, ಮೊದಲ ಸಲದ ಕೊನೆ ತೆರೆದ ಕೊನೆ, ಇನ್ನೂ ಇದೆ ಅನ್ನೋ ಥರ, ಎರಡನೇ ಸಲದ್ದು ಮುಚ್ಚಿದ ಕೊನೆ. ಕಾಕು ಹೇಳಿದ ಮಾತಿಗೆ ಇದಕ್ಕಿಂತ ಹತ್ತಿರದ್ದು ನಂಗೆ ಇನ್ನೊಂದು ಸಿಕ್ಕಿಲ್ಲ. ಕಾಕು ಸ್ಟಾಫ್ ನೊಟೇಶನ್ ನೋಡಿದವರಲ್ಲ, ಆದ್ರೆ ಒಂದೇ ಸಾಲಿಗೆ ಎರಡು ಥರದ ಕೊನೆ ಯಾಕೆ ಬೇಕು ಅನ್ನೋದನ್ನ ಯಾವ ಥಿಯರಿ ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದ್ರು.

ನುಡಿಸೋ ಮುಂಚೆ ಬೆರಳಲ್ಲಿ ನಡೆದು ನೋಡಿ

ಇಲ್ಲಿ ಸ್ವಲ್ಪ ಕೆಲಸದ ಮಾತು. ಎರಡು ಚುಕ್ಕಿ ಗೆರೆಯ ಎಡಕ್ಕಿದ್ರೆ ಮರಳು, ಗೆರೆಯ ಬಲಕ್ಕಿದ್ರೆ ಮರಳಿದಾಗ ಇಲ್ಲಿಗೆ ಬಾ. ಬಲಕ್ಕೆ ಚುಕ್ಕಿ ಇರೋ ಗೆರೆ ಹಿಂದೆ ಎಲ್ಲೂ ಕಾಣದೇ ಇದ್ರೆ ತೀರಾ ಮೊದಲಿಗೆ ಹೋಗಬೇಕು. ಈ ಚುಕ್ಕಿಗಳು ಸ್ಟಾಫ್‌ನ ನಡು ಗೆರೆಯ ಮೇಲಿನ ಸಂದಿಯಲ್ಲಿ ಒಂದು, ಕೆಳಗಿನ ಸಂದಿಯಲ್ಲಿ ಒಂದು ಇರತ್ತೆ. ಸ್ವರದ ಪಕ್ಕದ ಚುಕ್ಕಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಆ ಸ್ವರದ ಕಾಲವನ್ನ ಅರ್ಧದಷ್ಟು ಹೆಚ್ಚಿಸೋದು.

ಒಂದು ಸಣ್ಣ ಪೀಸ್ ಇದೆ ಅಂದ್ಕೊಳ್ಳಿ, ಕಾಗದದ ಮೇಲೆ 8 ಬಾರ್. ನಾಲ್ಕನೇ ಬಾರ್ ಮೇಲೆ 1 ಅಂತ ಬ್ರಾಕೆಟ್, ಅದರ ಕೊನೆಗೆ ಎರಡು ಚುಕ್ಕಿ. ಐದನೇ ಬಾರ್ ಮೇಲೆ 2 ಅಂತ ಬ್ರಾಕೆಟ್, ಅಲ್ಲೇ ಮೇಲೆ ಫೀನೆ, ಅಂದ್ರೆ ಮುಕ್ತಾಯ, ಅಂತ ಬರೆದಿದೆ. ಎಂಟನೇದರ ಕೊನೆಗೆ ಡಿ.ಸಿ. ಅಲ್ ಫೀನೆ, ಅಂದ್ರೆ ಮೊದಲಿಂದ ಫೀನೆವರೆಗೆ. ನುಡಿಸೋದು ಹೀಗೆ: 1 2 3 4, ಮತ್ತೆ 1 2 3, ಈ ಸಲ 4 ಬಿಟ್ಟು ನೇರ 5, ಆಮೇಲೆ 6 7 8, ಮತ್ತೆ ಮೊದಲಿಂದ 1 2 3 5, ಅಲ್ಲಿಗೆ ಮುಗೀತು. ಕಾಗದದಲ್ಲಿ 8, ಕಿವಿಗೆ 15. ಮಕ್ಕಳು ಸಾಮಾನ್ಯವಾಗಿ ಎಡವೋದು 4 ಆದ ತಕ್ಷಣ 5 ನುಡಿಸಿಬಿಡೋದ್ರಲ್ಲಿ, ಪಕ್ಕಪಕ್ಕ ಇದೆ ಅಂತ. ಇನ್ನೊಂದು, ಡಿ.ಸಿ. ಆಗಿ ಮರಳಿದಮೇಲೆ ಒಳಗಿನ ರಿಪೀಟ್ ಮತ್ತೆ ಮಾಡಲ್ಲ, ಒಂದೇ ಸಲ ನುಡಿಸಿ ಮುಂದೆ ಹೋಗೋದು ವಾಡಿಕೆ, ಕುಣಿತದ ಪೀಸಾದ ಮಿನ್ಯುಯೆಟ್‌ಗಳಲ್ಲಂತೂ ಹಾಗೇ. ಇದನ್ನ ಯಾವ ಪುಟದಲ್ಲೂ ಬರೆದಿರಲ್ಲ, ಯಾರಾದ್ರೂ ಹೇಳಬೇಕು.

ಸರ್ ಹೊಸ ಪೀಸ್ ತೆಗೆದಾಗ ಮೊದಲು ಒಂದು ಸ್ವರವನ್ನೂ ನುಡಿಸೋಕೆ ಬಿಡ್ತಿರಲಿಲ್ಲ. ಕೈ ತೊಡೆ ಮೇಲೆ ಇಟ್ಕೋ, ಪೆನ್ಸಿಲ್ ತುದಿಯಿಂದ ದಾರಿ ನಡಿ ಅನ್ನೋರು. ಮರಳೋ ಜಾಗ ಬಂದಾಗ ಪೆನ್ಸಿಲ್ ಎತ್ತಿ ಎಲ್ಲಿ ಇಡಬೇಕು ಅಂತ ಮೊದಲೇ ಕಣ್ಣಿಗೆ ಅಭ್ಯಾಸ ಆಗಬೇಕು. ರಿಪೀಟ್ ಹತ್ರ ಕೇಳಿಸೋ ತಡಕಾಟ ಬೆರಳಿಂದ ಬರಲ್ಲ, ಕಣ್ಣು ಹುಡುಕ್ತಾ ಇರತ್ತೆ, ಅದಕ್ಕೆ. ಪುಟ ತಿರುಗಿಸಿದಮೇಲೆ ಹಿಂದಿನ ಪುಟಕ್ಕೆ ಮರಳಬೇಕಾದ್ರೆ ಇನ್ನೂ ಕಷ್ಟ, ಅಂಥ ಕಡೆ ಸರ್ ತಾವೇ ಆ ಬಾರ್‌ಗಳನ್ನ ಕೈಯಲ್ಲಿ ಪೂರ್ತಿ ಬರೆದು ಕೊಡೋರು.

ಕೈಯಲ್ಲಿ ಬರೆಯೋದು ಅವರ ಮನೆತನದ್ದೇ ಅಭ್ಯಾಸ. ಅವರ ಸೋದರಮಾವ ಹಿಂದಿ ಸಿನಿಮಾ ರೆಕಾರ್ಡಿಂಗ್‌ಗಳಲ್ಲಿ ವಯೊಲಿನ್ ನುಡಿಸ್ತಿದ್ರು. ಆ ಕಾಲದ ಗೋವಾದ ಮಕ್ಕಳು ಚರ್ಚ್ ಶಾಲೆಗಳಲ್ಲಿ ಸಣ್ಣವರಿದ್ದಾಗಲೇ ಸೊಲ್ಫೆಜಿಯೋ, ಅಂದ್ರೆ ಸ್ವರ ನೋಡಿ ಹಾಡೋದನ್ನ, ಕಲಿತು ಬಂದಿರೋರು, ಮುಂಬೈ ಸ್ಟುಡಿಯೋಗಳಿಗೆ ಓದಿ ನುಡಿಸೋರು ಬೇಕಾಗಿತ್ತು. ಸಂಗೀತ ನಿರ್ದೇಶಕರು ಪೇಟಿ ಹಿಡಿದು ಟ್ಯೂನ್ ಹಾಡಿ ತೋರಿಸೋರು, ಅದನ್ನ ಸ್ಟಾಫ್ ಮೇಲೆ ಇಳಿಸಿ ಒಂದೊಂದು ವಾದ್ಯಕ್ಕೂ ಹಂಚಿ ಬರೆಯೋದು ಅರೇಂಜರ್ ಕೆಲಸ. ಮಾಜೊರ್ಡಾದ ಆಂಥೋನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾ, ಫ್ರಾಂಕ್ ಫೆರ್ನಾಂಡ್, ಇವರೆಲ್ಲಾ ಮಾಡಿದ್ದು ಅದನ್ನೇ. ಯೋಚನೆ ಮಾಡಿದ್ರೆ ಎಂಥಾ ಕೆಲಸ ಅದು. ಮುಖಡಾ ಅಂತರಾ ಮುಖಡಾ ಅಂತ ಸುತ್ತೋ ಹಾಡನ್ನ ಮುಂದಕ್ಕೇ ಓಡೋ ಕಾಗದದ ಮೇಲೆ ಕೂರಿಸಬೇಕು. ವಯೊಲಿನ್ ಸಾಲಿನ ಹಿಂದಿನ ಕುರ್ಚಿಯಲ್ಲಿ ಕೂತವರಿಗೆ ಹಾಡು ಗೊತ್ತಿರಬೇಕು ಅಂತೇನಿಲ್ಲ, ಎದುರಿಗಿರೋ ಹಾಳೆ ಮಾತ್ರ ಗೊತ್ತು. ಎಷ್ಟು ಬಾರ್ ಸುಮ್ಮನಿರಬೇಕು, ಎಲ್ಲಿಗೆ ಮರಳಬೇಕು, ಎಲ್ಲಿಂದ ಕೋಡಾಗೆ ಹಾರಬೇಕು ಅನ್ನೋದು ಗುರುತಿನಲ್ಲೇ ಇರಬೇಕು. ಒಬ್ಬರು ತಪ್ಪಿದ್ರೂ ಟೇಕ್ ಮತ್ತೆ ಮೊದಲಿಂದ, ಆಗಿನ ರೆಕಾರ್ಡಿಂಗ್‌ನಲ್ಲಿ ಎಲ್ಲರೂ ಒಟ್ಟಿಗೆ ನುಡಿಸೋದಲ್ವಾ. ನಾವು ಸುಲಭವಾಗಿ ಗುನುಗೋ ಹಳೇ ಹಾಡುಗಳ ಹಿಂದೆ ಆ ಚುಕ್ಕಿ, ಬ್ರಾಕೆಟ್‌ಗಳನ್ನ ತಪ್ಪದೇ ಓದಿದ ಎಷ್ಟೋ ಜನ ಇದಾರೆ, ಅವರ ಹೆಸರು ರೆಕಾರ್ಡ್ ಕವರ್ ಮೇಲೆ ಬರಲಿಲ್ಲ ಅನ್ನೋದು ನಂಗೆ ಈಗಲೂ ನೋವಿನ ಸಂಗತಿ.

ಎರಡನೇ ಸಲ ಯಾಕೆ

ಇಷ್ಟಾದಮೇಲೂ ಒಂದು ಪ್ರಶ್ನೆ ಉಳಿಯತ್ತೆ. ಒಂದು ಸಲ ಕೇಳಿದ್ದನ್ನೇ ಮತ್ತೆ ಯಾಕೆ ಕೇಳಬೇಕು? ಪರೀಕ್ಷೆಯವರು ಬಿಡಿ ಅನ್ನೋದೂ ಇದಕ್ಕೇ, ಮಗು ನುಡಿಸೋಕೆ ಬರತ್ತೆ ಅಂತ ಒಂದು ಸಲಕ್ಕೇ ಗೊತ್ತಾಯ್ತಲ್ಲ ಅಂತ.

ಸಿ. ಪಿ. ಇ. ಬಾಖ್, ದೊಡ್ಡ ಬಾಖ್‌ನ ಮಗ, 1760ರಲ್ಲಿ ಕೀಬೋರ್ಡ್ ವಾದ್ಯಕ್ಕೆ ಬರೆದ ಆರು ಸೊನಾಟಾಗಳನ್ನ (ಹಲವು ಭಾಗಗಳ ರಚನೆ) ಅಚ್ಚು ಹಾಕಿಸಿದ. ಅದರಲ್ಲಿ ಮರಳೋ ಭಾಗಗಳಿಗೆ ಎರಡು ಚುಕ್ಕಿ ಹಾಕಿ ಬಿಡದೇ, ಎರಡನೇ ಸಲ ಹೇಗೆ ಬದಲಾಯಿಸಿ ನುಡಿಸಬೇಕು ಅನ್ನೋದನ್ನ ಪೂರ್ತಿ ಬರೆದಿಟ್ಟ. ಆ ಕಾಲದ ವಾದಕರು ರಿಪೀಟ್ ಬಂದಾಗ ಇದ್ದ ಹಾಗೇ ನುಡಿಸ್ತಿರಲಿಲ್ಲ, ಅಲಂಕಾರ ಸೇರಿಸಿ ಬೇರೆ ಥರ ನುಡಿಸೋರು, ಕೇಳೋರೂ ಅದನ್ನೇ ನಿರೀಕ್ಷೆ ಮಾಡೋರು. ಪುಣೆಯ ಸವಾಯಿ ಗಂಧರ್ವ ಸಂಗೀತ ಉತ್ಸವದಲ್ಲಿ ಚಳಿಗೆ ಶಾಲು ಹೊದ್ದು ಕೂತವರಿಗೆ ಇದನ್ನ ವಿವರಿಸೋದೇ ಬೇಡ. ಮುಖಡಾ ಪ್ರತಿ ಸಲ ಬರತ್ತೆ, ಪ್ರತಿ ಸಲವೂ ಬೇರೆ ದಾರಿಯಿಂದ ಬಂದು ಸಮಕ್ಕೆ ಸೇರತ್ತೆ, ಸೇರಿದಾಗ ಪೂರ್ತಿ ಮೈದಾನ ತಲೆ ಅಲ್ಲಾಡಿಸತ್ತೆ. ಮರಳಿ ಬಂತು ಅನ್ನೋ ಬೇಸರ ಯಾರಿಗೂ ಇಲ್ಲ, ಹೇಗೆ ಬಂತು ಅನ್ನೋದೇ ಸಂತೋಷ. ಬಾಖ್‌ನ ಮಗ ಆ ಆರು ಸೊನಾಟಾದಲ್ಲಿ ಬರೆದಿಟ್ಟಿದ್ದು ಇದನ್ನೇ ಅನ್ಸತ್ತೆ ನಂಗೆ.

ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1955ರಲ್ಲಿ ದೊಡ್ಡ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ರೆಕಾರ್ಡ್ ಮಾಡಿದಾಗ ರಿಪೀಟ್‌ಗಳನ್ನ ಬಿಟ್ಟು ನುಡಿಸಿದ, ಸುಮಾರು 38 ನಿಮಿಷಕ್ಕೆ ಮುಗೀತು. 1981ರಲ್ಲಿ ಮತ್ತೆ ರೆಕಾರ್ಡ್ ಮಾಡಿದಾಗ ಕೆಲವು ರಿಪೀಟ್ ಸೇರಿಸಿದ, ಶುರುವಿನ ಮೂಲ ಟ್ಯೂನ್ ಆರಿಯಾವನ್ನ ಬಹಳ ನಿಧಾನ ಮಾಡಿದ, 51 ನಿಮಿಷ ಆಯ್ತು. ನಂಗೆ ಎರಡನೇದೇ ಇಷ್ಟ. ಮೊದಲನೇದು ಚುರುಕು, ನಿಜ, ಆದ್ರೆ ಒಂದು ವೇರಿಯೇಶನ್ ಕಿವಿಯಲ್ಲಿ ಕೂರೋ ಮುಂಚೆ ಇನ್ನೊಂದು ಬಂದುಬಿಡತ್ತೆ. ಮೊದಲ ಸಲ ಕೇಳೋವಾಗ ನಾವು ಎಲ್ಲಿಗೆ ಹೋಗ್ತಿದೀವಿ ಅಂತ ಗೊತ್ತಿರಲ್ಲ, ಎರಡನೇ ಸಲ ಗೊತ್ತಿರತ್ತೆ, ಆಗ ಎಡಗೈಯಲ್ಲಿ ನಡೀತಿರೋದು, ಒಳದನಿಯಲ್ಲಿ ಇರೋದು ಕೇಳಿಸೋಕೆ ಶುರುವಾಗತ್ತೆ.

ಇನ್ನು ಶೂಬರ್ಟ್. 1828ರಲ್ಲಿ, ತೀರಿಕೊಳ್ಳೋ ಕೆಲವೇ ವಾರ ಮುಂಚೆ ಅವನು ಪಿಯಾನೋಗೆ ಬರೆದು ಮುಗಿಸಿದ ಬಿ ಫ್ಲಾಟ್ ಸೊನಾಟಾ. ಮೊದಲ ಭಾಗ ಬಹಳ ಮೆತ್ತಗೆ ಶುರುವಾಗತ್ತೆ, ಕೆಲವು ಬಾರ್ ಆದಮೇಲೆ ಎಡಗೈಯ ತೀರಾ ಕೆಳಗಿನ ಸ್ವರಗಳಲ್ಲಿ ಒಂದು ಟ್ರಿಲ್ (ಪಕ್ಕಪಕ್ಕದ ಎರಡು ಸ್ವರ ಬೇಗ ಬೇಗ ಬದಲಾಗೋದು), ದೂರದ ಗುಡುಗಿನಷ್ಟು ಮೆತ್ತಗೆ. ಆ ಟ್ರಿಲ್ ಮತ್ತೆ ಮತ್ತೆ ಬರತ್ತೆ. ಆದ್ರೆ ಅದು ಪೂರ್ತಿ ಜೋರಾಗಿ ಸಿಡಿಯೋದು ಒಂದೇ ಒಂದು ಜಾಗದಲ್ಲಿ, ಮೊದಲ ಬ್ರಾಕೆಟ್ ಒಳಗೆ. ಆ ಬಾರ್‌ಗಳು ಬೇರೆಲ್ಲೂ ಇಲ್ಲ. ರಿಪೀಟ್ ಮಾಡಿದ್ರೆ ಮಾತ್ರ ಆ ದಾರಿಯಲ್ಲಿ ಹೋಗ್ತೀವಿ, ಬಿಟ್ರೆ ನೇರ ಎರಡನೇ ಬ್ರಾಕೆಟ್, ಆ ಬಾರ್‌ಗಳು ಕೇಳಿಸೋದೇ ಇಲ್ಲ. ಪಿಯಾನೋ ವಾದಕ ಆಲ್ಫ್ರೆಡ್ ಬ್ರೆಂಡೆಲ್ ಆ ರಿಪೀಟ್ ಬೇಡ ಅಂತಲೇ ವಾದಿಸಿದ್ರು, ಅಲ್ಲಿ ಬರೋ ಆ ಸಿಡಿತ ಉಳಿದದ್ದಕ್ಕೆ ಹೊಂದಲ್ಲ ಅಂತ. ಇನ್ನೊಬ್ಬ ಪಿಯಾನೋ ವಾದಕ ಸ್ವಿಯಾಟೊಸ್ಲಾವ್ ರಿಕ್ಟರ್ ರಿಪೀಟ್ ನುಡಿಸ್ತಿದ್ರು. ಬ್ರೆಂಡೆಲ್‌ಗೆ ಗೊತ್ತಿದ್ದ ಶೂಬರ್ಟ್ ನಂಗೆ ಎಂದೂ ಗೊತ್ತಾಗಲ್ಲ, ಆದ್ರೂ ನಾನು ರಿಕ್ಟರ್ ಕಡೆ. ಅಷ್ಟು ಹೊತ್ತು ತಡೆದು ತಡೆದು ಇಟ್ಟಿದ್ದು ಒಂದು ಸಲ ಹೊರಗೆ ಬಂದಮೇಲೆ, ಮತ್ತೆ ಅದೇ ಮೆತ್ತಗಿನ ಆರಂಭಕ್ಕೆ ಮರಳಿದಾಗ ಅದು ಮೊದಲಿನ ಹಾಗೆ ಕೇಳಿಸಲ್ಲ, ಕೆಳಗಿನ ಟ್ರಿಲ್ ಬಂದಾಗ ಈಗ ಮೈ ಬಿಗಿಯತ್ತೆ. ಸ್ವರ ಒಂದೂ ಬದಲಾಗಿಲ್ಲ.

ಕೇಳಬೇಕು ಅನ್ಸಿದ್ರೆ ರೆಕಾರ್ಡಿಂಗ್ ಹಾಕೋ ಮುಂಚೆ ಮೊದಲ ಭಾಗದ ಸಮಯ ನೋಡಿ. ಹದಿನಾಲ್ಕು ಹದಿನೈದು ನಿಮಿಷ ಇದ್ರೆ ರಿಪೀಟ್ ಬಿಟ್ಟಿದಾರೆ ಅಂತ, ಇಪ್ಪತ್ತರ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚಿದ್ರೆ ನುಡಿಸಿದಾರೆ. ಇಪ್ಪತ್ತರದ್ದು ಹಾಕಿ, ಐದಾರು ನಿಮಿಷ ಆದಮೇಲೆ ಆ ಜೋರಿನ ಟ್ರಿಲ್ ಬರತ್ತೆ.